ವಂಶಾವಳಿಯ ಹೆಸರುಗಳಿಗೆ ಅರ್ಥ ಹೇಳಿದವರು ಯಾರು?

ಜೆರುಬ್ಬಾಬೆಲ್ ಎಂಬುದು ಹೀಬ್ರೂ ಹೆಸರಲ್ಲ. ಅದು ಬಾಬಿಲೋನಿನವರ ಅಕ್ಕಾಡಿಯನ್ ಭಾಷೆಯದು. 'ಬಾಬಿಲೋನಿನ ಬೀಜ' ಎಂದು ಅದರ ಅರ್ಥ. ದಾವೀದನ ವಂಶದಲ್ಲಿ ಹುಟ್ಟಿ, ಸೆರೆಯಿಂದ ಮರಳಿದ ಯೆಹೂದ್ಯರಿಗೆ ಮುಂದಾಳಾಗಿ, ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ನಿಂತ ಮನುಷ್ಯನಿಗೆ ತನ್ನವರನ್ನು ಸೆರೆಯೊಯ್ದ ಊರಿನದೇ ಹೆಸರು. 1 ಪೂರ್ವಕಾಲವೃತ್ತಾಂತದ 3ನೇ ಅಧ್ಯಾಯ ಅವನ ಮಕ್ಕಳನ್ನು ಸಾಲಾಗಿ ಹೆಸರಿಸುತ್ತದೆ, ಅಷ್ಟೆ. ವಿವರಣೆ ಏನೂ ಇಲ್ಲ. ಆ ಸಾಲಿನಲ್ಲಿ ಬೆರೆಕ್ಯ ಇದ್ದಾನೆ, 'ಯೆಹೋವನು ಹರಸಿದ'. ಹಸದ್ಯ ಇದ್ದಾನೆ, 'ಯೆಹೋವನು ಕರುಣಿಸಿದ'. ಕೊನೆಯವನು ಯೂಷಬ್‌ಹೆಸೆದ್, 'ಕರುಣೆ ಮರಳಿ ಬರಲಿ'.

ಸೋತು ನೆಲ ಬಿಟ್ಟ ಜನ ಪರದೇಶದಲ್ಲಿ ಹುಟ್ಟಿದ ಮಗನಿಗೆ ಆ ದೇಶದ ಹೆಸರಿಟ್ಟರು. ಆ ಮಗ ದೊಡ್ಡವನಾಗಿ ತನ್ನ ಮಕ್ಕಳಿಗೆ ಬಿಡುಗಡೆಯ ಹೆಸರಿಟ್ಟ. ಹೀಗೆ ಓದಿದರೆ ನೀರಸವಾಗಿ ಕಂಡ ಪಟ್ಟಿ ಒಂದು ಮನೆಯ ಕಥೆಯಾಗುತ್ತದೆ. ಆದರೆ ಹಾಗೆ ಓದಲು ನಮಗೆ ಅಧಿಕಾರ ಕೊಟ್ಟವರು ಯಾರು? ತಂದೆತಾಯಿ ಇಟ್ಟ ಹೆಸರೇ ಇದು? ಪಟ್ಟಿ ಬರೆದವನು ಜೋಡಿಸಿದ್ದೇ? ಅಥವಾ ಎರಡೂವರೆ ಸಾವಿರ ವರ್ಷಗಳ ಮೇಲೆ ನಿಘಂಟು ಬಿಡಿಸಿ ಕೂತ ಓದುಗ ಹುಡುಕಿಕೊಂಡ ಅರ್ಥವೇ? ಬೈಬಲಿನ ವಂಶಾವಳಿಗಳ ಹೆಸರುಗಳ ಕುರಿತ ಚರ್ಚೆಯೆಲ್ಲ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಈ ಮೂರು ಅರ್ಥಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳದೆ ಹೋದಾಗಲೇ ಗೊಂದಲ ಹುಟ್ಟಿದೆ.

ವಾಕ್ಯವೇ ಹೆಸರಾಗುವ ಪದ್ಧತಿ

ಹೀಬ್ರೂ ಹೆಸರುಗಳಲ್ಲಿ ಬಹಳಷ್ಟು ಪುಟ್ಟ ವಾಕ್ಯಗಳು. 'ಕೊಟ್ಟ' ಎಂಬ ಅರ್ಥದ 'ನಾತಾನ್' ಪದದ ಹಿಂದೆ ದೇವರನ್ನು ಸೂಚಿಸುವ 'ಎಲ್' ಬಂದರೆ ಎಲ್ನಾತಾನ್. ಯೆಹೋವನ ಹೆಸರಿನ ಮೊಟಕು ರೂಪವಾದ 'ಯೋ' ಬಂದರೆ ಯೋನಾತಾನ್. ಅದೇ ಹೆಸರು 'ಯಾ' ಆಗಿ ಕೊನೆಯಲ್ಲಿ ಸೇರಿದರೆ ನೆತನ್ಯ. ಮೂರೂ 'ದೇವರು ಕೊಟ್ಟ' ಎಂದೇ ಹೇಳುತ್ತವೆ. 'ಕೇಳಿದ' ಎಂಬ ಧಾತುವಿನಿಂದ ಇಷ್ಮಾಯೇಲ್, ಎಲೀಷಾಮ, ಶೆಮಾಯ ಹುಟ್ಟಿದವು: ಮಗು ಬೇಕೆಂದು ಇಟ್ಟ ಮೊರೆ ದೇವರ ಕಿವಿಗೆ ಬಿತ್ತು ಎಂಬ ಕೃತಜ್ಞತೆ. ಈ ಪದ್ಧತಿ ಇಸ್ರಾಯೇಲ್ಯರಿಗೆ ಮಾತ್ರ ಸೇರಿದ್ದಲ್ಲ. ಅಸ್ಸೀರಿಯದ ಸನ್ಹೇರೀಬನ ಹೆಸರಿನಲ್ಲಿ ಚಂದ್ರದೇವ ಸಿನ್ ತೀರಿಹೋದ ಅಣ್ಣಂದಿರ ಬದಲಿಗೆ ಇವನನ್ನು ಕೊಟ್ಟ ಸಮಾಧಾನವಿದೆ. ನೆಬೂಕದ್ನೆಚ್ಚರನ ಹೆಸರು ನಬೂ ದೇವರಿಗೆ ಸಲ್ಲಿಸಿದ ಪ್ರಾರ್ಥನೆ, 'ನನ್ನ ಉತ್ತರಾಧಿಕಾರಿಯನ್ನು ಕಾಪಾಡು'.

ಎಲ್ಲವೂ ಇಷ್ಟು ಗಂಭೀರವಲ್ಲ. ರಾಹೇಲ ಎಂದರೆ ಹೆಣ್ಣುಕುರಿ, ದೆಬೋರ ಎಂದರೆ ಜೇನ್ನೊಣ, ಯೋನ ಪಾರಿವಾಳ. ಇಂಥ ಪ್ರಾಣಿನಾಮಗಳನ್ನು ಕಂಡು ಸ್ಕಾಟ್ಲೆಂಡಿನ ವಿದ್ವಾಂಸ ವಿಲಿಯಂ ರಾಬರ್ಟ್‌ಸನ್ ಸ್ಮಿತ್ 1880ರಲ್ಲಿ, ಪ್ರಾಚೀನ ಇಸ್ರಾಯೇಲಿನ ಕುಲಗಳು ಒಂದು ಕಾಲಕ್ಕೆ ಪ್ರಾಣಿಗಳನ್ನು ಕುಲದೇವತೆಯಾಗಿ ಪೂಜಿಸುತ್ತಿದ್ದವು ಎಂದು ವಾದಿಸಿದ. ಆ ವಾದ ಈಗ ಉಳಿದಿಲ್ಲ. ಮಕ್ಕಳನ್ನು ಮುದ್ದಿನಿಂದ ಹಕ್ಕಿ, ಕುರಿಮರಿ ಎಂದು ಕರೆಯುವುದಕ್ಕೆ ಕುಲದೇವತೆ ಬೇಕಾಗಿಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿರಬೇಕು. ಹೀಬ್ರೂ ಬರಹದಲ್ಲಿ ಮೂಲತಃ ವ್ಯಂಜನಗಳು ಮಾತ್ರ. ಸ್ವರಚಿಹ್ನೆಗಳನ್ನು ಸೇರಿಸಿದವರು ಕ್ರಿ.ಶ. 7ರಿಂದ 10ನೇ ಶತಮಾನದವರೆಗೆ ದುಡಿದ ಮಸೊರೇಟರೆಂಬ ಯೆಹೂದಿ ಪಂಡಿತರು. ಅಂದರೆ ಹೆಸರು ಹುಟ್ಟಿದ್ದಕ್ಕೂ ಅದರ ಉಚ್ಚಾರ ಪೂರ್ತಿಯಾಗಿ ಬರಹಕ್ಕೆ ಇಳಿದದ್ದಕ್ಕೂ ನಡುವೆ ಸಾವಿರ ವರ್ಷಗಳಿಗೂ ಮೀರಿದ ಅಂತರವಿರಬಹುದು. ಈ ವಿಷಯದಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಕನ್ನಡ ಸತ್ಯವೇದ ಹನೋಕ್, ಯೆರೆದ್, ಮೋಶೆ, ಯಾಕೋಬ ಎಂದು ಹೀಬ್ರೂವಿಗೆ ಹತ್ತಿರದ ರೂಪಗಳನ್ನೇ ಇಟ್ಟುಕೊಂಡಿದೆ. ಚೀಯೋನ್, ಚಿದ್ಕೀಯ, ಪೆರೆಚ್ ಎಂಬಲ್ಲಿ ಬರುವ 'ಚ'ಕಾರ ಹೀಬ್ರೂವಿನ 'ತ್ಸಾದೆ' ಅಕ್ಷರದ ಗುರುತು. ಆದ್ದರಿಂದ ಮುಂದೆ ಬರುವ ಅಕ್ಷರದಾಟಗಳಲ್ಲಿ ಕೆಲವನ್ನು ಕನ್ನಡ ಲಿಪಿಯಲ್ಲೇ ಕಾಣಬಹುದು.

ಬೈಬಲೇ ಹೇಳುವ ಅರ್ಥ, ವ್ಯಾಕರಣ ಹೇಳುವ ಅರ್ಥ

ಹೆಸರಿಗೆ ಅರ್ಥ ಹುಡುಕುವ ಚಾಳಿ ಓದುಗರಿಂದ ಶುರುವಾದದ್ದಲ್ಲ, ಗ್ರಂಥವೇ ಅದನ್ನು ಕಲಿಸಿತು. ಆದಾಮ ಮಣ್ಣಿನವನು, ಏಕೆಂದರೆ ಮಣ್ಣಿಗೆ 'ಅದಾಮಾ' ಎನ್ನುತ್ತಾರೆ. ಹವ್ವ ಎಂಬ ಹೆಸರು ಜೀವಕ್ಕೆ ಸೇರಿದ್ದು. ಯಾಕೋಬ ಹುಟ್ಟುವಾಗ ಅಣ್ಣನ ಹಿಮ್ಮಡಿ ಹಿಡಿದಿದ್ದ, ಹಿಮ್ಮಡಿಗೆ 'ಅಕೇಬ್'. ಮುಂದೆ ಮೋಸ ಹೋದ ಏಸಾವನು ಅದೇ ಹೆಸರಿನಲ್ಲಿ ವಂಚನೆಯ ಅರ್ಥ ಕೇಳಿಸಿಕೊಳ್ಳುತ್ತಾನೆ. ಒಂದೇ ಹೆಸರಿಗೆ ಒಂದೇ ಗ್ರಂಥದಲ್ಲಿ ಎರಡು ಅರ್ಥ.

ಆದಿಕಾಂಡದ 5ನೇ ಅಧ್ಯಾಯದ ಹತ್ತು ತಲೆಮಾರಿನ ಪಟ್ಟಿಯಲ್ಲಿ ಅರ್ಥವನ್ನು ಬಿಡಿಸಿ ಹೇಳಿರುವುದು ಒಬ್ಬನಿಗೆ ಮಾತ್ರ, ಕೊನೆಯವನಾದ ನೋಹನಿಗೆ. ನಮ್ಮ ದುಡಿಮೆಯ ದುಃಖದಲ್ಲಿ ಇವನು ನಮಗೆ ಆದರಣೆ ಕೊಡುವನೆಂದು ತಂದೆ ಲೆಮೆಕ್ ಆ ಹೆಸರಿಟ್ಟನಂತೆ. ತೊಡಕು ಇರುವುದು ಇಲ್ಲೇ. ಆದರಣೆ ಕೊಡು ಎಂಬುದರ ಧಾತು ನ-ಹ-ಮ. ನೋಹ ಎಂಬ ಹೆಸರು ಹೊಂದುವುದು ವಿಶ್ರಾಂತಿ ಎಂಬ ಅರ್ಥದ ನ-ವ-ಹ ಧಾತುವಿಗೆ. ಇದನ್ನು ಆಧುನಿಕ ವಿಮರ್ಶಕರು ಕಂಡುಹಿಡಿಯಬೇಕಾಗಿರಲಿಲ್ಲ. ಯೆಹೂದಿ ರಬ್ಬಿಗಳ ಹಳೆಯ ವ್ಯಾಖ್ಯಾನವಾದ 'ಬೆರೆಷಿತ್ ರಬ್ಬಾ' ಹೆಸರಿಗೂ ವಿವರಣೆಗೂ ತಾಳೆಯಿಲ್ಲವೆಂದು ನೇರವಾಗಿಯೇ ಒಪ್ಪಿಕೊಂಡು ಚರ್ಚಿಸುತ್ತದೆ. ಅದಕ್ಕೂ ಮೊದಲೇ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ 'ಆದರಣೆ'ಯ ಜಾಗದಲ್ಲಿ 'ವಿಶ್ರಾಂತಿ' ಎಂದು ಬರೆದು ತಾಳೆ ಕೂಡಿಸಿಕೊಂಡಿತ್ತು.

ಬಾಬೆಲಿನ ಕಥೆ ಇನ್ನೂ ಸ್ಪಷ್ಟ. ಭಾಷೆ ಗಲಿಬಿಲಿಯಾದ ಊರು ಎಂದು ಹೀಬ್ರೂ ಕಥೆ 'ಬಾಲಲ್' ಎಂಬ ಕ್ರಿಯಾಪದದಿಂದ ಹೆಸರನ್ನು ಬಿಡಿಸುತ್ತದೆ. ಆ ಊರಿನವರಿಗೆ ಅದು 'ಬಾಬ್-ಇಲಿ', ದೇವರ ಬಾಗಿಲು. ಮೋಶೆಯ ಹೆಸರನ್ನು ನೀರಿನಿಂದ 'ಎಳೆದು ತೆಗೆ' ಎಂಬ ಧಾತುವಿಗೆ ಕಟ್ಟಿದ್ದಾಳೆ ಫರೋಹನ ಮಗಳು. ಐಗುಪ್ತದ ರಾಜಕುಮಾರಿ ಹೀಬ್ರೂವಿನಲ್ಲಿ ಶ್ಲೇಷೆ ಮಾಡಿದಳೆಂಬುದು ಒಂದು ಸೋಜಿಗ. ಅದಕ್ಕಿಂತ ಮುಖ್ಯವಾಗಿ, ತುತ್‌ಮೋಸ್, ರಾಮ್ಸೇಸ್ ಎಂಬ ಹೆಸರುಗಳಲ್ಲಿ ಇರುವ, 'ಹುಟ್ಟಿದವನು' ಎಂಬ ಅರ್ಥದ ಐಗುಪ್ತದ ಪದವೇ ಮೋಶೆಯಲ್ಲಿಯೂ ಇದೆ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ.

ಹಾಗಾದರೆ ಇವು ತಪ್ಪುಗಳೇ? 19ನೇ ಶತಮಾನದ ಭಾಷಾವಿಜ್ಞಾನಿಗಳು ಹಾಗೆಂದೇ ತಿಳಿದು 'ಜನಪದ ನಿರುಕ್ತಿ' ಎಂಬ ಹಣೆಪಟ್ಟಿ ಹಚ್ಚಿ ಬದಿಗಿಟ್ಟರು. ಹಾಗೆ ಬದಿಗಿಟ್ಟದ್ದು ಅವಸರದ ಕೆಲಸವಾಯಿತು. ಕಥೆಗಾರನಿಗೆ ಬೇಕಾಗಿದ್ದದ್ದು ಪದದ ಹುಟ್ಟಲ್ಲ, ಪದದ ಸದ್ದು.

ಫಿಲೋನಿಂದ ಜೆರೋಮನವರೆಗೆ

ಗ್ರಂಥ ಸುಮ್ಮನಿದ್ದ ಕಡೆಯಲ್ಲೂ ಅರ್ಥ ತುಂಬುವ ಕೆಲಸ ಕ್ರಿಸ್ತಪೂರ್ವದಲ್ಲೇ ಆರಂಭವಾಗಿತ್ತು. ಕ್ರಿ.ಪೂ. 2ನೇ ಶತಮಾನದ 'ಜುಬಿಲಿಗಳ ಗ್ರಂಥ' ಯೆರೆದ್ ಎಂಬ ಹೆಸರಿನಲ್ಲಿ 'ಇಳಿ' ಎಂಬ ಧಾತುವನ್ನು ಕಂಡು, ಅವನ ಕಾಲದಲ್ಲಿ ದೇವದೂತರು ಭೂಮಿಗೆ ಇಳಿದರೆಂದು ಹೇಳಿತು. ಯೆರೆದನ ಕಾಲದಲ್ಲಿ ಹಾಗಾಯಿತೆಂದು ಆದಿಕಾಂಡ ಎಲ್ಲೂ ಹೇಳುವುದಿಲ್ಲ. ಹೆಸರೊಂದರಿಂದಲೇ ಘಟನೆಗೆ ಕಾಲ ಸಿಕ್ಕಿತು.

ಯೇಸುವಿನ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಫಿಲೋ ಹೆಸರುಗಳನ್ನು ಆತ್ಮದ ಪ್ರಯಾಣದ ಮೆಟ್ಟಿಲುಗಳಾಗಿ ಓದಿದ. ಅಬ್ರಾಮ ಅಬ್ರಹಾಮನಾಗುವುದು ಅವನಿಗೆ ಆಕಾಶವನ್ನು ನೋಡುವ ಜ್ಞಾನದಿಂದ ವಿವೇಕದ ಕಡೆಗೆ ತಿರುಗುವ ಮನಸ್ಸು. ಹೆಸರುಗಳ ಬದಲಾವಣೆಗೆಂದೇ ಒಂದು ಗ್ರಂಥ ಬರೆದ ಫಿಲೋಗೆ ಹೀಬ್ರೂ ಎಷ್ಟು ತಿಳಿದಿತ್ತೆಂಬುದು ಮಾತ್ರ ಸಂದೇಹ. ಬೆತ್ಲೆಹೇಮಿನಲ್ಲಿ ನೆಲೆಸಿ ಯೆಹೂದಿ ಗುರುಗಳಿಂದ ಹೀಬ್ರೂ ಕಲಿತ ಜೆರೋಮ್ ಕ್ರಿ.ಶ. 390ರ ಸುಮಾರಿಗೆ ಇಂಥ ಅರ್ಥಗಳನ್ನೆಲ್ಲ ಪರಿಷ್ಕರಿಸಿ ಲ್ಯಾಟಿನಿನಲ್ಲಿ ಹೆಸರುಗಳ ಕೋಶವೊಂದನ್ನು ಸಿದ್ಧಪಡಿಸಿದ. ಯುರೋಪಿನ ಮಧ್ಯಯುಗದ ಪ್ರಸಂಗಕಾರರಿಗೆಲ್ಲ ಅದೇ ಆಕರವಾಯಿತು. ಇಂದಿಗೂ ಬೈಬಲುಗಳ ಹಿಂಬದಿಯಲ್ಲಿ ಅಚ್ಚಾಗುವ 'ಹೆಸರುಗಳ ಅರ್ಥ' ಎಂಬ ಪಟ್ಟಿಗಳ ಮೂಲಪುರುಷ ಅವನೇ. ಆ ಪಟ್ಟಿಗಳ ದೋಷವೂ ಅವನ ಕಾಲದಿಂದಲೇ ಬಂದದ್ದು: ಖಚಿತವಾದ ಅರ್ಥ, ಊಹೆಯ ಅರ್ಥ, ಕಥೆ ಕೊಟ್ಟ ಅರ್ಥ ಮೂರೂ ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚಾಗುತ್ತವೆ.

ನೆಲದಡಿಯಿಂದ ಬಂದ ಸಾಕ್ಷಿ

1896ರಲ್ಲಿ ಇಂಗ್ಲೆಂಡಿನ ಜಿ. ಬುಕಾನನ್ ಗ್ರೇ, 1928ರಲ್ಲಿ ಜರ್ಮನಿಯ ಮಾರ್ಟಿನ್ ನೋತ್ ಪ್ರಶ್ನೆಯನ್ನೇ ಬದಲಿಸಿದರು. ಒಂದು ಹೆಸರಿಗೆ ಏನರ್ಥ ಎಂದು ಕೇಳುವುದನ್ನು ಬಿಟ್ಟು, ಯಾವ ಕಾಲದಲ್ಲಿ ಯಾವ ಮಾದರಿಯ ಹೆಸರುಗಳು ಬಳಕೆಯಲ್ಲಿದ್ದವು ಎಂದು ಎಣಿಸಿದರು. ದೇವರನ್ನು ಒಪ್ಪಿ ಸಾರುವ ಹೆಸರು, ನಂಬಿಕೆಯ ಹೆಸರು, ಕೃತಜ್ಞತೆಯ ಹೆಸರು, ಹಾರೈಕೆಯ ಹೆಸರು ಎಂದು ನೋತ್ ಮಾಡಿದ ವಿಂಗಡಣೆ ಇಂದಿಗೂ ಚರ್ಚೆಯ ತಳಹದಿ.

ಅಷ್ಟರಲ್ಲಿ ಉತ್ಖನನಗಳಿಂದ ಹೆಸರುಗಳು ರಾಶಿ ರಾಶಿಯಾಗಿ ಸಿಗತೊಡಗಿದ್ದವು: ಸಮಾರ್ಯದ ಮಡಕೆ ಚೂರುಗಳು, ಲಾಕೀಷಿನ ಪತ್ರಗಳು, ಜೇಡಿಮಣ್ಣಿನ ಮುದ್ರೆಗಳು. ಯೆರೂಸಲೇಮಿನ ದಾವೀದನಗರದಲ್ಲಿ 1982ರಲ್ಲಿ ಸಿಕ್ಕ ಮುದ್ರೆಗಳ ಗುಂಪಿನಲ್ಲಿ 'ಶಾಫಾನನ ಮಗ ಗೆಮರ್ಯ' ಎಂಬ ಹೆಸರಿತ್ತು. ಯೆರೆಮೀಯನ 36ನೇ ಅಧ್ಯಾಯದಲ್ಲಿ ಬರುವ ಅಧಿಕಾರಿಯ ಹೆಸರೂ ತಂದೆಯ ಹೆಸರೂ ಅದೇ. ಅಮೆರಿಕದ ಜೆಫ್ರಿ ಟೀಗೇ 1986ರಲ್ಲಿ ಇಂಥ ಶಾಸನನಾಮಗಳನ್ನು ಒಟ್ಟುಹಾಕಿ ನೋಡಿದಾಗ, ದೇವರ ಹೆಸರುಳ್ಳವುಗಳಲ್ಲಿ ಬಹುಪಾಲು ಯೆಹೋವನವೇ ಆಗಿದ್ದವು, ಅನ್ಯದೇವರದು ತೀರ ಕಡಿಮೆ. ಜನಸಾಮಾನ್ಯರಲ್ಲಿ ಬಹುದೇವತಾರಾಧನೆ ಪ್ರವಾದಿಗಳು ದೂರಿದಷ್ಟು ಹರಡಿರಲಿಲ್ಲ ಎಂಬುದು ಅವನ ತೀರ್ಮಾನ. ಮುದ್ರೆ ಇಟ್ಟುಕೊಂಡವರು ಅಧಿಕಾರಿಗಳು, ಜನಸಾಮಾನ್ಯರಲ್ಲ; ಹೆಸರು ರೂಢಿಯಿಂದಲೂ ಬರುತ್ತದೆ, ಭಕ್ತಿಯಿಂದಷ್ಟೇ ಅಲ್ಲ ಎಂಬ ಆಕ್ಷೇಪಣೆಗಳು ಕೂಡಲೇ ಎದ್ದವು. ಆಕ್ಷೇಪಣೆಗಳಲ್ಲಿ ಹುರುಳಿದೆ.

ಕಾನಾನ್ಯರ ಮಳೆದೇವರಾದ ಬಾಳನ ಹೆಸರಿನ ಸಮಸ್ಯೆ ಇಲ್ಲಿಗೆ ಸೇರಿದ್ದು. ಸೌಲನ ಮಗನನ್ನು 2 ಸಮುವೇಲ 'ಈಷ್ಬೋಶೆತ್' ಎನ್ನುತ್ತದೆ, 'ನಾಚಿಕೆಯ ಮನುಷ್ಯ'. ಯಾವ ತಂದೆ ಮಗನಿಗೆ ಹೀಗೆ ಹೆಸರಿಡುತ್ತಾನೆ? 1 ಪೂರ್ವಕಾಲವೃತ್ತಾಂತದ ವಂಶಾವಳಿಯಲ್ಲಿ ಅವನೇ 'ಎಷ್ಬಾಳ್', 'ಬಾಳನ ಮನುಷ್ಯ'. ಕಥೆಯ ಪಠ್ಯದಲ್ಲಿ ಯಾರೋ 'ಬಾಳ್' ಅಳಿಸಿ 'ಬೋಶೆತ್' ಎಂದರೆ ನಾಚಿಕೆ ಎಂದು ಬರೆದರು. ಯಾರೂ ಅಷ್ಟಾಗಿ ಓದದ ಪಟ್ಟಿಯಲ್ಲಿ ಹಳೆಯ ಹೆಸರು ಬದುಕಿಕೊಂಡಿತು. ಇದು ವಿದ್ವಾಂಸರ ಹಳೆಯ ಊಹೆ. ಕಿರ್ಬೆತ್ ಕೆಯಾಫಾದಲ್ಲಿ ಸಿಕ್ಕ, ಕ್ರಿ.ಪೂ. 1000ದ ಸುಮಾರಿನ ಜಾಡಿಯ ಮೇಲೆ 'ಬೆದನ ಮಗ ಎಷ್ಬಾಳ್' ಎಂದು ಬರೆದಿರುವುದಾಗಿ ಯೋಸೆಫ್ ಗಾರ್ಫಿಂಕೆಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಇವನು ಸೌಲನ ಮಗನಲ್ಲ, ಬೇರೊಬ್ಬ. ಆದರೂ ಆ ಕಾಲಕ್ಕೆ ಅಂಥ ಹೆಸರು ನಿಜವಾಗಿ ಚಾಲ್ತಿಯಲ್ಲಿತ್ತೆಂಬುದಕ್ಕೆ ಇನ್ನೇನು ಬೇಕು?

ಇತ್ತೀಚಿನ ವರ್ಷಗಳಲ್ಲಿ ಈ ಧಾರೆಗೆ ಹೊಸ ತಿರುವು ಕೊಟ್ಟವರು ರೈನರ್ ಆಲ್ಬರ್ಟ್ಸ್. ರೂಡಿಗರ್ ಶ್ಮಿಟ್ ಜೊತೆಗೂಡಿ 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಒಂದು ಮೌನವನ್ನು ಗುರುತಿಸುತ್ತಾರೆ. ಇಸ್ರಾಯೇಲಿನ ರಾಷ್ಟ್ರೀಯ ಧರ್ಮದ ಆಧಾರಸ್ತಂಭಗಳಾದ ಐಗುಪ್ತದಿಂದ ಬಿಡುಗಡೆ, ಸೀನಾಯಿ ಬೆಟ್ಟ, ಚೀಯೋನ್ ಇವುಗಳ ನೆನಪು ಜನರ ಹೆಸರುಗಳಲ್ಲಿ ಕಾಣುವುದೇ ಇಲ್ಲ. ಇರುವುದು ಬಸುರು, ಹೆರಿಗೆ, ಕಾಯಿಲೆ, ಸತ್ತ ಕೂಸಿನ ಬದಲಿಗೆ ಬಂದ ಕೂಸು, ಕೇಳಿದ ದೇವರು, ಕಾಪಾಡಿದ ದೇವರು. ಹೆಸರಿನ ಧರ್ಮ ಮನೆಯ ಧರ್ಮ, ಅದರಲ್ಲೂ ಬಾಣಂತಿ ಕೋಣೆಯ ಧರ್ಮ. ಹೆಸರುಗಳನ್ನು ಓದುವ ಪಂಥಗಳಲ್ಲಿ ಮನುಷ್ಯರಿಗೆ ಇಷ್ಟು ಹತ್ತಿರ ಬಂದದ್ದು ಮತ್ತೊಂದಿಲ್ಲ.

ಹೆಸರು ಊರಾದಾಗ

ಇದಕ್ಕೆ ತೀರ ಎದುರಾಗಿ ನಿಲ್ಲುವ ಪಂಥವೂ ಉಂಟು: ವಂಶಾವಳಿಯ ಹೆಸರುಗಳಲ್ಲಿ ಅನೇಕ ಮನುಷ್ಯರವೇ ಅಲ್ಲ. ಆದಿಕಾಂಡದ 10ನೇ ಅಧ್ಯಾಯದಲ್ಲಿ ಕಾನಾನನ ಚೊಚ್ಚಲ ಮಗ ಚೀದೋನ್, ಅಂದರೆ ಫಿನಿಷಿಯದ ಪಟ್ಟಣ. 1 ಪೂರ್ವಕಾಲವೃತ್ತಾಂತದ 2ನೇ ಅಧ್ಯಾಯದಲ್ಲಿ ಸಲ್ಮ 'ಬೆತ್ಲೆಹೇಮಿನ ತಂದೆ'. ಊರಿಗೆ ತಂದೆ ಎಂದರೆ ಊರು ಕಟ್ಟಿದ ಕುಲ ಎಂದೇ ಅರ್ಥವಾಗಬೇಕು. ಜೂಲಿಯಸ್ ವೆಲ್‌ಹೌಸೆನ್ 1870ರ ತನ್ನ ಪ್ರಬಂಧದಲ್ಲಿ ಈ ಅಧ್ಯಾಯಗಳನ್ನೇ ಹಿಡಿದು, ಮದುವೆ ಎಂದರೆ ಕುಲಗಳ ಬೆರಕೆ, ಉಪಪತ್ನಿಯ ಮಕ್ಕಳೆಂದರೆ ಕೆಳದರ್ಜೆಯ ಕುಲ ಎಂಬ ರೀತಿಯಲ್ಲಿ ಓದುವ ದಾರಿ ಹಾಕಿದ. ಅಬ್ರಹಾಮನ ಪೂರ್ವಿಕರಾದ ಸೆರೂಗ್, ನಾಹೋರ್, ತೆರಹ ಎಂಬ ಹೆಸರುಗಳನ್ನು ಹೋಲುವ ಊರುಗಳು ಅಸ್ಸೀರಿಯದ ದಾಖಲೆಗಳಲ್ಲಿ ಹಾರಾನಿನ ಸುತ್ತಮುತ್ತಲೇ ಸಿಕ್ಕಿದ್ದು ಈ ವಾದಕ್ಕೆ ಬಲ ಕೊಟ್ಟಿತು.

ಆದರೆ ಅತ್ಯುತ್ತಮ ಸಾಕ್ಷಿ ಐದು ಹುಡುಗಿಯರದು. ಮನಸ್ಸೆ ಕುಲದ ಚಲ್ಪಹಾದನಿಗೆ ಗಂಡು ಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ಗೆದ್ದ ಕಥೆ ಅರಣ್ಯಕಾಂಡದಲ್ಲಿದೆ. 1910ರಲ್ಲಿ ಹಾರ್ವರ್ಡ್ ತಂಡ ಸಮಾರ್ಯದ ಅರಮನೆಯ ಆವರಣದಲ್ಲಿ ಅಗೆದಾಗ ಕ್ರಿ.ಪೂ. 8ನೇ ಶತಮಾನದ, ಶಾಯಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಅವು ಹಳೆಯ ದ್ರಾಕ್ಷಾರಸ, ಶುದ್ಧ ಎಣ್ಣೆ ಇವುಗಳ ಸಾಗಣೆಯ ಲೆಕ್ಕಗಳು. ಯಾವ ಸೀಮೆಯಿಂದ ಬಂತು ಎಂಬ ವಿವರವಿದೆ. ಆ ಸೀಮೆಗಳ ಹೆಸರು: ಅಬೀಯೆಜೆರ್, ಹೇಲೆಕ್, ಅಸ್ರಿಯೇಲ್, ಶೆಕೆಮ್, ಶೆಮೀದ, ನೋವಾ, ಹೊಗ್ಲಾ. ಮೊದಲ ಐದು ಅರಣ್ಯಕಾಂಡದ ಮನಸ್ಸೆಯ ವಂಶಾವಳಿಯ ಗಂಡುಮಕ್ಕಳು, ಕೊನೆಯ ಎರಡು ಚಲ್ಪಹಾದನ ಹೆಣ್ಣುಮಕ್ಕಳು. ತಿರ್ಚಾ ಅಂತೂ ಉತ್ತರ ರಾಜ್ಯದ ಒಂದು ಕಾಲದ ರಾಜಧಾನಿ. ವಂಶವೃಕ್ಷವೆಂದು ಓದಿದ್ದು ಭೂಪಟವೂ ಆಗಿತ್ತು.

ಇಂಥ ಪಟ್ಟಿಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ಉತ್ತರ ಬಂದದ್ದು ಆಫ್ರಿಕದಿಂದ. ನೈಜೀರಿಯದ ತಿವ್ ಜನರ ನಡುವೆ ಕೆಲಸ ಮಾಡಿದ ಲಾರಾ ಬೊಹಾನನ್ 1952ರಲ್ಲಿ ತೋರಿಸಿದಂತೆ, ಅವರ ವಂಶಾವಳಿ ಇಂದಿನ ಸಂಬಂಧಗಳನ್ನು ಹೇಳುವ ಸನದು. ನೆರೆಹೊರೆಯ ರಾಜಕೀಯ ಬದಲಾದರೆ ಅಜ್ಜಂದಿರೂ ಬದಲಾಗುತ್ತಾರೆ. ರಾಬರ್ಟ್ ವಿಲ್ಸನ್ 1977ರ ಗ್ರಂಥದಲ್ಲಿ ಈ ಒಳನೋಟವನ್ನು ಬೈಬಲಿಗೆ ತಂದು, ಒಂದೇ ವ್ಯಕ್ತಿಗೆ ಎರಡು ಪಟ್ಟಿಗಳಲ್ಲಿ ಎರಡು ವಂಶ ಇದ್ದರೆ ಎರಡೂ ತಮ್ಮ ತಮ್ಮ ಉದ್ದೇಶಕ್ಕೆ ಸರಿಯಾಗಿರಬಹುದು ಎಂದು ವಾದಿಸಿದ. ಈ ಪಂಥ ಬಹಳಷ್ಟನ್ನು ವಿವರಿಸುತ್ತದೆ. ಆದರೆ ಊರಿಗೆ ಆ ಹೆಸರು ಏಕೆ ಬಂತು ಎಂದು ಕೇಳಿದರೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಅಕ್ಷರ ಮಗುಚುವ ಕಥೆಗಾರ

ಇಸ್ರೇಲಿನ ಮೋಶೆ ಗಾರ್ಸಿಯೆಲ್ 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ದಾರಿ ಹಿಡಿಯಿತು: ವ್ಯುತ್ಪತ್ತಿ ಸರಿಯೋ ತಪ್ಪೋ ಬಿಡಿ, ಬರೆದವನು ಹೆಸರಿನ ಸದ್ದಿನಿಂದ ಏನು ಮಾಡುತ್ತಿದ್ದಾನೆ ನೋಡಿ. ನೋಡಿದರೆ ಬೆರಗಾಗುತ್ತದೆ. ನೋಹ ಎಂಬುದರ ಎರಡು ಹೀಬ್ರೂ ಅಕ್ಷರಗಳು ನ-ಹ. ಅವನು ಯೆಹೋವನ ದೃಷ್ಟಿಯಲ್ಲಿ ಪಡೆದ 'ದಯೆ' ಎಂಬ ಪದದ ಅಕ್ಷರಗಳು ಹ-ನ. ಯೆಹೂದನ ಚೊಚ್ಚಲ ಮಗ 'ಏರ್'. ಅವನು ಕೆಟ್ಟವನಾಗಿದ್ದ ಎಂಬಲ್ಲಿ 'ಕೆಟ್ಟ' ಎಂಬುದಕ್ಕಿರುವ ಪದ ಅದೇ ಅಕ್ಷರಗಳ ತಿರುವುಮುರುವು. ಈ ಮಾತು ಕಥೆಯಲ್ಲಿ ಮಾತ್ರವಲ್ಲ, ಪೂರ್ವಕಾಲವೃತ್ತಾಂತದ ಒಣ ಪಟ್ಟಿಯ ನಡುವೆಯೂ ಬರುತ್ತದೆ.

ಅದೇ ಗ್ರಂಥದ ಯಾಬೇಚನನ್ನು ನೋಡಿ. ನೋವಿನಿಂದ ಹೆತ್ತೆನೆಂದು ತಾಯಿ ಆ ಹೆಸರಿಟ್ಟಳು. ನೋವು ಎಂಬುದರ ಧಾತು ಅ-ಚ-ಬ. ಹೆಸರಿನಲ್ಲಿ ಇರುವುದು ಅ-ಬ-ಚ. ಎರಡು ಅಕ್ಷರ ಅದಲುಬದಲಾಗಿವೆ, ಆ ನೋವು ಮಗನಿಗೆ ಪೂರ್ತಿ ಅಂಟದಿರಲಿ ಎಂದು ತಾಯಿಯೇ ತಪ್ಪಿಸಿ ಇಟ್ಟಂತೆ. ಮುಂದಿನ ವಚನದಲ್ಲಿ ಯಾಬೇಚನು ಬೇಡಿಕೊಳ್ಳುವುದೂ ಅದನ್ನೇ.

ಪಟ್ಟಿಕಾರ ಹೆಸರನ್ನೇ ತಿದ್ದಿದ ಉದಾಹರಣೆಯೂ ಇದೆ. ಯೆಹೋಶುವನ ಗ್ರಂಥದಲ್ಲಿ ಯೆರಿಕೋವಿನ ಕೊಳ್ಳೆ ಕದ್ದು ಇಸ್ರಾಯೇಲಿಗೆ ಆಪತ್ತು ತಂದವನು ಆಕಾನ್. ಪೂರ್ವಕಾಲವೃತ್ತಾಂತದ ವಂಶಾವಳಿಯಲ್ಲಿ ಅವನು 'ಆಕಾರ್'. ಆಪತ್ತು ತರುವುದಕ್ಕೆ ಹೀಬ್ರೂವಿನಲ್ಲಿ ಅದೇ ಧಾತು. ಒಂದು ಅಕ್ಷರದಲ್ಲಿ ತೀರ್ಪು ಬರೆದಾಗಿದೆ. ಇನ್ನು ಆದಾಮನ ಎರಡನೇ ಮಗ ಹೇಬೆಲನ ಹೆಸರಿಗೆ ಗ್ರಂಥ ವಿವರಣೆಯನ್ನೇ ಕೊಡುವುದಿಲ್ಲ. ಅದರ ಅರ್ಥ ಉಸಿರು, ಹಬೆ. ಪ್ರಸಂಗಿಯ ಗ್ರಂಥದಲ್ಲಿ ಮೂವತ್ತಕ್ಕೂ ಹೆಚ್ಚು ಬಾರಿ ಬಂದು ಬದುಕಿನ ನಿರರ್ಥಕತೆಯನ್ನು ಹೇಳುವುದು ಈ ಪದವೇ. ವಂಶಾವಳಿಗೆ ಸೇರದೆ, ಮಕ್ಕಳಿಲ್ಲದೆ ಸತ್ತವನ ಹೆಸರು ಅದು.

ಹತ್ತು ಹೆಸರು, ಒಂದು ವಾಕ್ಯ

ಇಂದು ಜನರಲ್ಲಿ ಹೆಚ್ಚು ಹರಡಿರುವುದು ಇವುಗಳಲ್ಲಿ ಯಾವುದೂ ಅಲ್ಲ. ಆದಾಮನಿಂದ ನೋಹನವರೆಗಿನ ಹತ್ತು ಹೆಸರುಗಳ ಅರ್ಥವನ್ನು ಕೂಡಿಸಿದರೆ, ದುಃಖಕ್ಕೆ ಒಳಗಾದ ಮನುಷ್ಯನಿಗಾಗಿ ದೇವರು ಇಳಿದು ಬಂದು ಬೋಧಿಸಿ, ತನ್ನ ಸಾವಿನಿಂದ ಶಾಂತಿ ತರುವನೆಂಬ ಸುವಾರ್ತೆಯ ವಾಕ್ಯ ಸಿಗುತ್ತದೆಂಬ ಮಾತು ಅಮೆರಿಕದ ಬೈಬಲ್ ಬೋಧಕ ಚಕ್ ಮಿಸ್ಲರ್ ಅವರಿಂದ ಬಹಳ ಪ್ರಚಾರ ಪಡೆಯಿತು. ನಂಬುವವರ ಭಕ್ತಿಯನ್ನು ಯಾರೂ ಲಘುವಾಗಿ ಕಾಣಬೇಕಾಗಿಲ್ಲ. ಆದರೆ ಪದಗಳನ್ನು ಒಂದೊಂದಾಗಿ ಪರೀಕ್ಷಿಸಲೇಬೇಕು.

ಆದಾಮ, ಎನೋಷ್ ಎರಡೂ 'ಮನುಷ್ಯ' ಎಂಬುದಕ್ಕೆ ಅಡ್ಡಿಯಿಲ್ಲ. ಯೆರೆದ್, ನೋಹ ಒಪ್ಪಬಹುದು. ಕೇನಾನ್ ಎಂದರೆ 'ದುಃಖ' ಎನ್ನಲು ಶೋಕಗೀತೆಗಿರುವ 'ಕೀನಾ' ಎಂಬ ಬೇರೆ ಪದವನ್ನು ಎಳೆದು ತರಬೇಕು. ಕೇನಾನ್ ಎಂಬುದು ಕಾಯಿನನ ಹೆಸರಿನದೇ ಇನ್ನೊಂದು ರೂಪ. ಮೆತೂಷೆಲಹನಲ್ಲಿ 'ಅವನ ಸಾವು ತರುವುದು' ಎಂಬ ಅರ್ಥವನ್ನು ವ್ಯಾಕರಣ ಒಪ್ಪುವುದಿಲ್ಲ. 'ಮೆತು' ಎಂಬುದು ಅಕ್ಕಾಡಿಯನ್ನಿನ 'ಮುತು'ವಿಗೆ ಸಮನಾದ, 'ಇಂಥವನ ಮನುಷ್ಯ' ಎಂಬ ಅರ್ಥದ ಪದ. ಲೆಮೆಕ್ ಎಂಬುದಕ್ಕೆ ಹೀಬ್ರೂವಿನಲ್ಲಿ ಧಾತುವೇ ಇಲ್ಲ. ಮೆತೂಷೆಲಹನು ಜಲಪ್ರಳಯದ ವರ್ಷದಲ್ಲೇ ಸತ್ತ, ಹೆಸರು ಅದರ ಮುನ್ಸೂಚನೆ ಎನ್ನುತ್ತಾರೆ. ಹೀಬ್ರೂ ಪಠ್ಯದಲ್ಲಿ ಲೆಕ್ಕ ಸರಿಹೋಗುತ್ತದೆ: ಲೆಮೆಕ್ ಹುಟ್ಟಿದಾಗ ಮೆತೂಷೆಲಹನಿಗೆ 187, ನೋಹ ಹುಟ್ಟಿದಾಗ ಲೆಮೆಕನಿಗೆ 182, ಪ್ರಳಯ ಬಂದಾಗ ನೋಹನಿಗೆ 600; ಕೂಡಿದರೆ ಮೆತೂಷೆಲಹ ಬದುಕಿದ 969. ಸೆಪ್ಟುಅಜಿಂಟಿನ ಮುಖ್ಯ ಪಾಠದ ಸಂಖ್ಯೆಗಳನ್ನು ಹಿಡಿದರೆ ಅವನು ಪ್ರಳಯದ ನಂತರವೂ 14 ವರ್ಷ ಬದುಕಿರುತ್ತಾನೆ. ಎಲ್ಲಕ್ಕಿಂತ ದೊಡ್ಡ ತೊಡಕು 4ನೇ ಅಧ್ಯಾಯದ್ದು. ಕಾಯಿನನ ವಂಶದಲ್ಲಿಯೂ ಹನೋಕ್, ಈರಾದ್, ಮೆಹೂಯಾಯೇಲ್, ಮೆತೂಷಾಯೇಲ್, ಲೆಮೆಕ್ ಎಂದು ಹೆಚ್ಚುಕಡಿಮೆ ಇವೇ ಹೆಸರುಗಳು ಬೇರೆ ಕ್ರಮದಲ್ಲಿ ಬರುತ್ತವೆ. ಎರಡೂ ಒಂದೇ ಮೂಲದ ಎರಡು ಪಾಠಗಳಾಗಿರಬೇಕೆಂದು ಜರ್ಮನಿಯ ಫಿಲಿಪ್ ಬುಟ್‌ಮನ್ 1828ರಲ್ಲೇ ಸೂಚಿಸಿದ್ದ.

ಹೆಸರುಗಳು ವಾಕ್ಯವಾಗುವುದೇ ಇಲ್ಲವೆಂದು ಇದರಿಂದ ಹೇಳಲಾಗದು. 1 ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯದಲ್ಲಿ ದೇವಾಲಯದ ಗಾಯಕ ಹೇಮಾನನಿಗೆ 14 ಗಂಡುಮಕ್ಕಳು. ಹನನ್ಯನಿಂದ ಮುಂದಿನ ಒಂಬತ್ತು ಹೆಸರುಗಳು ವಿಚಿತ್ರ. ಗಿದ್ದಲ್ತಿ ಎಂದರೆ 'ನಾನು ಹೊಗಳಿದೆ'; ಮಲ್ಲೋತಿ 'ನಾನು ನುಡಿದೆ'; ಹನಾನೀ 'ನನ್ನನ್ನು ಕರುಣಿಸು'. ಇವು ಮಕ್ಕಳ ಹೆಸರಿನಂತಿಲ್ಲ, ಕೀರ್ತನೆಯ ತುಣುಕಿನಂತಿವೆ. ಸ್ವರ ಸ್ವಲ್ಪ ಬದಲಿಸಿ ಓದಿದರೆ ಪ್ರಾರ್ಥನೆಯಾಗಿ ಹರಿಯುತ್ತವೆ. ಗಾಯಕರ ಸರದಿಗಳು 24 ಆಗಬೇಕಿತ್ತು. ಆಸಾಫನ 4, ಯೆದುತೂನನ 6, ಹೇಮಾನನ 14 ಸೇರಿ ಸರಿಯಾಗಿ 24. ಕೀರ್ತನೆಯ ಸಾಲೊಂದು ಸಂಖ್ಯೆ ತುಂಬಿಸಲು ಹೆಸರುಗಳಾಯಿತೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ಇಲ್ಲಿ ವ್ಯಾಕರಣವೂ ಉದ್ದೇಶವೂ ಲೆಕ್ಕವೂ ಒಟ್ಟಿಗೆ ಸಾಕ್ಷಿ ಹೇಳುತ್ತವೆ. ಆದಿಕಾಂಡದ ಹತ್ತು ಹೆಸರುಗಳಿಗೆ ಅಂಥ ಬೆಂಬಲವಿಲ್ಲ.

ಈ ವಿವೇಚನೆಗೆ ಬೇಕಾದ ಎಚ್ಚರವನ್ನು ಕಲಿಸಿದವರು ಜೇಮ್ಸ್ ಬಾರ್. ಪದದ ಧಾತುವೇ ಪದದ ಅರ್ಥವಲ್ಲ ಎಂದು 1961ರ ಗ್ರಂಥದಲ್ಲಿ ವಾದಿಸಿದ್ದ ಅವರು, ಆ ದಶಕದ ಕೊನೆಗೆ ಹೆಸರುಗಳ ಕಡೆಗೂ ತಿರುಗಿದರು. ಪ್ರಾಚೀನ ಇಸ್ರಾಯೇಲಿನಲ್ಲಿ ಹೆಸರೆಂದರೆ ಆತ್ಮವೇ ಆಗಿತ್ತೆಂದು ಡೆನ್ಮಾರ್ಕಿನ ಯೊಹಾನ್ನೆಸ್ ಪೆಡರ್ಸನ್‌ನಂಥವರು ಹೇಳಿದ್ದನ್ನು ಎಲ್ಲ ಹೆಸರಿಗೂ ಅನ್ವಯಿಸುವುದನ್ನು ಬಾರ್ ಒಪ್ಪಲಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಲೆಮೆಕ್ ಎಂದರೇನೆಂದು ಯಾರಿಗೂ ಗೊತ್ತಿಲ್ಲ. ಅಬ್ರಹಾಮನ ಹೆಸರಿನ 'ರಹಾಮ್' ಕೂಡ ಹಾಗೆಯೇ; 'ಬಹುಜನಾಂಗಗಳ ತಂದೆ' ಎಂದು ಗ್ರಂಥ ಹೇಳುವುದು 'ಹಾಮೋನ್' ಎಂಬ ಪದದ ಸದ್ದನ್ನು ಹಿಡಿದು. ಯಾಕೋಬನ ಮಕ್ಕಳಾದ ಗಾದ್, ಆಶೇರ್ ಎಂಬವು ಅವನ ಹೆಂಡತಿ ಲೇಯಳ ಬಾಯಲ್ಲಿ 'ಅದೃಷ್ಟ' ಮತ್ತು 'ಸಂತೋಷ'. ಗಾದ್ ಎಂಬ ಹೆಸರಿನ ದೇವತೆ ಆ ಪ್ರದೇಶದಲ್ಲಿತ್ತು. ಕುಲದ ಹೆಸರಿನಲ್ಲಿ ಮರೆತ ದೇವರಿದ್ದಾನೆಯೇ ಎಂಬ ಪ್ರಶ್ನೆ ಮುಗಿದಿಲ್ಲ.

ಬಾಳನ ಸಮಸ್ಯೆಯೂ ಅರ್ಧಕ್ಕೇ ನಿಂತಿದೆ. 'ಬಾಳ್' ಎಂದರೆ ಒಡೆಯ. ದಾವೀದನನ್ನು ಸೇರಿದ ಬೆನ್ಯಾಮೀನ್ಯರಲ್ಲಿ ಒಬ್ಬನ ಹೆಸರು ಬೆಯಲ್ಯ, 'ಯೆಹೋವನೇ ಬಾಳ್'. ಹಾಗಾದರೆ ಸೌಲ ಮಗನಿಗೆ ಎಷ್ಬಾಳ್ ಎಂದು ಹೆಸರಿಟ್ಟಾಗ ಕರೆದದ್ದು ಕಾನಾನ್ಯರ ಮಳೆದೇವರನ್ನೋ, ತನ್ನ ಯೆಹೋವನನ್ನೋ?

ಲೇವಿ ಕುಲದಲ್ಲಿ ಐಗುಪ್ತದ ಹೆಸರುಗಳು ಗುಂಪುಗುಂಪಾಗಿ ಬರುತ್ತವೆ: ಮೋಶೆ, ಮೆರಾರೀ, 'ನೂಬಿಯದವನು' ಎಂಬ ಅರ್ಥದ ಫೀನೆಹಾಸ್, ಹೊಫ್ನಿ. ಐಗುಪ್ತದಿಂದ ಹೊರಟವರು ಲೇವಿಯರು ಮಾತ್ರವೇ ಎಂದು ಕೆಲವರು ಕೇಳುತ್ತಾರೆ. ಹೆಸರು ವ್ಯಾಪಾರದ ದಾರಿಯಲ್ಲೂ ಬರುತ್ತದೆ ಎಂದು ಉಳಿದವರು ಉತ್ತರಿಸುತ್ತಾರೆ. ಮೋಶೆಯ ತಾಯಿ ಯೋಕೆಬೆದಳ ಹೆಸರಿನ 'ಯೋ' ಯೆಹೋವನದಾದರೆ, ಆ ಹೆಸರು ಮೋಶೆಗೇ ಮೊದಲು ತಿಳಿಯಿತೆಂದು ವಿಮೋಚನಕಾಂಡದ 6ನೇ ಅಧ್ಯಾಯ ಹೇಳುವುದಕ್ಕೆ ಏನು ಸಮಾಧಾನ? ಆದಿಕಾಂಡದ ಮೊದಲ ಅಧ್ಯಾಯಗಳ ಹೆಸರುಗಳಿಗೆ ಹತ್ತಿರದ ಹೋಲಿಕೆಗಳು ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಹೆಚ್ಚು ಸಿಗುತ್ತವೆಂದು ರಿಚರ್ಡ್ ಹೆಸ್ 1993ರಲ್ಲಿ ವಾದಿಸಿದ್ದಾರೆ. ಹೆಸರು ಹಳೆಯದಾದ ಮಾತ್ರಕ್ಕೆ ಪಟ್ಟಿಯೂ ಹಳೆಯದಾಗಬೇಕಿಲ್ಲ ಎಂಬುದು ಎದುರು ವಾದ. ರೂತಳ ಕಥೆಯ ಮಹ್ಲೋನ್, ಕಿಲ್ಯೋನ್ ಎಂಬವು 'ಕಾಯಿಲೆ', 'ಕ್ಷಯ' ಎಂದೇ ಕೇಳಿಸುತ್ತವೆ. ಬೇಗ ಸಾಯುವ ಆ ಅಣ್ಣತಮ್ಮಂದಿರು ಕಥೆಗಾರನ ಸೃಷ್ಟಿಯೋ, ನಿಜವಾದ ಹೆಸರುಗಳಲ್ಲಿ ಅವನು ಆ ಸದ್ದು ಕೇಳಿಸಿಕೊಂಡನೋ ಎಂಬುದರಲ್ಲೂ ಒಮ್ಮತವಿಲ್ಲ.

ಹೆಂಗಸರ ಹೆಸರುಗಳದು ಬೇರೆಯೇ ಕೊರತೆ. ಅವು ಪಟ್ಟಿಗಳಲ್ಲಿ ಕಡಿಮೆ, ಶಾಸನಗಳಲ್ಲಿ ಇನ್ನೂ ಕಡಿಮೆ. ಬೈಬಲಿನ ಕಥೆಗಳಲ್ಲಿ ಮಕ್ಕಳಿಗೆ ಹೆಸರಿಡುವವರು ಬಹಳಷ್ಟು ಸಲ ತಾಯಂದಿರೇ ಆದರೂ, ಹೆಣ್ಣುಮಗುವಿಗೆ ಹೆಸರಿಡುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಲು ಸಾಮಗ್ರಿ ಸಾಲದು. ಹೊಗ್ಲಾ ಎಂದರೆ ಗೌಜಲ ಹಕ್ಕಿ. ಆ ಹೆಸರಿನ ಹುಡುಗಿಯಿಂದ ಸೀಮೆಗೆ ಹೆಸರು ಬಂತೋ, ಗೌಜಲಗಳಿದ್ದ ಸೀಮೆಗೆ ಒಬ್ಬ ಮಗಳನ್ನು ವಂಶಾವಳಿಯೇ ಹುಟ್ಟಿಸಿತೋ ಎಂಬುದಕ್ಕೆ ಸಮಾರ್ಯದ ಚೂರುಗಳಲ್ಲಿ ಉತ್ತರವಿಲ್ಲ. ಅರಸನ ಆಳ್ವಿಕೆಯ ಹದಿನೈದನೆಯ ವರ್ಷದಲ್ಲಿ ಹೊಗ್ಲಾದಿಂದ ಸರಕು ಯಾರ ಹೆಸರಿಗೆ ಬಂತು ಎಂಬ ಲೆಕ್ಕವನ್ನಷ್ಟೇ ಅವು ಬರೆದುಕೊಂಡಿವೆ.